ಅನ್ವಯಿಸುವುದಿಲ್ಲ

ಬ್ಯಾಂಕಿನಲ್ಲಿ 31 ವರ್ಷ ನಾನು ಮೇಜಿನ ಆಚೆ ಬದಿಗೆ ಕುಳಿತವನು. ಸಾಲದ ಅರ್ಜಿ ಹಿಡಿದು ಬಂದವರಿಗೆ ಹೊಸ ಪಹಣಿ ತನ್ನಿ, ಜಾಮೀನುದಾರರ ಸಹಿ ಹೊಂದುತ್ತಿಲ್ಲ ಎಂದು ಹೇಳಿ ಎಷ್ಟು ಸಲ ವಾಪಸು ಕಳಿಸಿದ್ದೇನೋ ಲೆಕ್ಕವಿಲ್ಲ. ನಿವೃತ್ತನಾಗಿ ಮೇಜಿನ ಈಚೆ ಬದಿಗೆ ಬಂದು ನಿಂತಾಗ ನನ್ನ ಹೆಂಡತಿ ನಕ್ಕಳು. "ಆ ರೈತರ ಶಾಪ ಈಗ ತಟ್ಟುತ್ತಿದೆ" ಎಂದಳು.

ನಾವು ತೆರೆಯಲು ಹೊರಟಿದ್ದದ್ದು ಎಂಟು ಹಾಸಿಗೆಗಳ ಒಂದು ಹಾಸ್ಪೈಸ್. ಕ್ಯಾನ್ಸರ್ ಕೊನೆಯ ಹಂತ ಮುಟ್ಟಿ, ದೊಡ್ಡ ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಹೇಳಿ ಕಳಿಸಿದವರನ್ನು ನೋವಿಲ್ಲದೆ, ಹುಣ್ಣು ಕೊಳೆಯದಂತೆ, ಕೊನೆಯವರೆಗೆ ನೋಡಿಕೊಳ್ಳುವ ಜಾಗ. ಇದಕ್ಕೆ ಕಾರಣ ನನ್ನ ಅಕ್ಕ. 2016ರಲ್ಲಿ ಬಾಯಿಯ ಕ್ಯಾನ್ಸರ್‌ನಲ್ಲಿ ತೀರಿಕೊಂಡಳು. ಬೆಂಗಳೂರಿನ ವೈದ್ಯರು ನೋವು ತಗ್ಗಿಸುವ ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದರು. ನಮ್ಮ ಊರಿನ ಯಾವ ಔಷಧಿ ಅಂಗಡಿಯಲ್ಲೂ ಅದು ಸಿಗಲಿಲ್ಲ. ಹದಿನೈದು ದಿನಕ್ಕೊಮ್ಮೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಚೀಟಿ ತೋರಿಸಿ ತಂದುಕೊಡುತ್ತಿದ್ದೆ. ಒಂದು ಸಲ ಮಳೆಗೆ ಘಾಟಿ ರಸ್ತೆ ಕುಸಿದು ಎರಡು ದಿನ ತಡವಾಯಿತು. ಆ ಎರಡು ದಿನಗಳ ಬಗ್ಗೆ ಇಷ್ಟೇ ಬರೆಯುತ್ತೇನೆ.

ಮನೆ ಇತ್ತು. ತಾತನ ಕಾಲದ್ದು, ಊರಿನ ಅಂಚಿನಲ್ಲಿ, ಉದ್ದನೆಯ ಜಗುಲಿಯದು. ಉಪಶಾಮಕ ಆರೈಕೆಯಲ್ಲಿ, ಅಂದರೆ ಗುಣವಾಗದವರ ನೋವು ತಗ್ಗಿಸಿ ನೋಡಿಕೊಳ್ಳುವುದರಲ್ಲಿ, ತರಬೇತಿ ಪಡೆದ ಒಬ್ಬ ವೈದ್ಯೆ ಇದ್ದರು. ಗಂಡನ ಊರು ಇದೇ ಎಂದು ಇಲ್ಲಿಗೆ ಬಂದು ನೆಲೆಸಿದವರು. ನಾವೆಲ್ಲರೂ ಅವರನ್ನು ಡಾಕ್ಟರಮ್ಮ ಎಂದೇ ಕರೆಯುತ್ತೇವೆ. ಬೆಂಗಳೂರಿಗೆ ಹೋಗಿ, 1999ರಿಂದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿರುವ ಕರುಣಾಶ್ರಯವನ್ನು ನೋಡಿಕೊಂಡೂ ಬಂದೆವು. ದುಡ್ಡಿಗೆ ಹಳೆಯ ಸಹೋದ್ಯೋಗಿಗಳು ಕೈ ಜೋಡಿಸಿದರು. 2022ರ ಜನವರಿಯಲ್ಲಿ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಟ್ರಸ್ಟ್ ನೋಂದಣಿ ಮಾಡಿಸಿ ಹೊರಬಂದಾಗ, ಯುಗಾದಿಗೆ ಬಾಗಿಲು ತೆರೆಯೋಣ ಎಂದು ನಾನೇ ಘೋಷಿಸಿದೆ. ಯುಗಾದಿಯೇನೋ ಬಂತು. ಮರುವರ್ಷದ್ದೂ ಬಂದು ಹೋಯಿತು.

ಮೊದಲ ತೊಡಕು ಒಂದು ಪದದ್ದು. ಕರ್ನಾಟಕದಲ್ಲಿ ಖಾಸಗಿಯಾಗಿ ಯಾರು ವೈದ್ಯಕೀಯ ಸೇವೆ ನೀಡಬೇಕಾದರೂ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಬೇಕು. ಕಚೇರಿಗಳಲ್ಲಿ ಎಲ್ಲರೂ ಕೆಪಿಎಂಇ ಎನ್ನುತ್ತಾರೆ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿ, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿಯಾಗಿರುವ ಪ್ರಾಧಿಕಾರ ಈ ನೋಂದಣಿ ಕೊಡುತ್ತದೆ. ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ವಿಷಯ ನಿರ್ವಾಹಕರ ಮುಂದೆ ಕುಳಿತು ನಮ್ಮ ಉದ್ದೇಶವನ್ನೆಲ್ಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಸಾರ್, ನಿಮ್ಮಲ್ಲಿಗೆ ಬಂದವರಲ್ಲಿ ಎಷ್ಟು ಜನ ಗುಣವಾಗಿ ಹೋಗುತ್ತಾರೆ?" ಎಂದರು.

"ಯಾರೂ ಇಲ್ಲ" ಎಂದೆ.

"ಹಾಗಾದರೆ ಇದು ಆಸ್ಪತ್ರೆ ಹೇಗಾಗುತ್ತದೆ?"

ಸಿಟ್ಟು ಬಂತು. ಮನೆಗೆ ಬಂದು ಕಾಯ್ದೆಯನ್ನು ತೆಗೆದು ಓದಿದಾಗ ಆ ಮನುಷ್ಯನ ಪ್ರಶ್ನೆಗೆ ಬುಡ ಇತ್ತೆಂದು ಗೊತ್ತಾಯಿತು. ಖಾಸಗಿ ವೈದ್ಯಕೀಯ ಸಂಸ್ಥೆ ಎಂದರೆ ಏನು ಎಂದು ವ್ಯಾಖ್ಯೆ ಬರೆದವರು ತಪಾಸಣೆ, ರೋಗನಿರ್ಣಯ, ರೋಗ ತಡೆಯುವ ಚಿಕಿತ್ಸೆ, ಗುಣಪಡಿಸುವ ಚಿಕಿತ್ಸೆ, ಪುನಶ್ಚೇತನದ ಚಿಕಿತ್ಸೆ ಎಲ್ಲವನ್ನೂ ಹೆಸರಿಸಿದ್ದಾರೆ. ನೋವು ತಗ್ಗಿಸುವುದು ಎಂಬ ಮಾತು ಅಲ್ಲಿಲ್ಲ. ನಾವು ಮಾಡಹೊರಟ ಕೆಲಸಕ್ಕೆ ಆ ಸಾಲಿನಲ್ಲಿ ಜಾಗವೇ ಇರಲಿಲ್ಲ.

ಕಚೇರಿಯಿಂದ ಹಿಂಬರಹ ಬಂತು. ನಿಮ್ಮದು ವೃದ್ಧಾಶ್ರಮದ ಸ್ವರೂಪದ್ದಾಗಿ ಕಾಣುವುದರಿಂದ ಹಿರಿಯ ನಾಗರಿಕರ ಇಲಾಖೆಯನ್ನು ಸಂಪರ್ಕಿಸಿ ಎಂದು. ಅಲ್ಲಿಗೆ ಹೋದರೆ, ಹಾಸಿಗೆ ಹಿಡಿದವರು, ಮೂಗಿನಲ್ಲಿ ನಳಿಕೆ ಇರುವವರು ಎಂದರೆ ಅದು ಆರೋಗ್ಯ ಇಲಾಖೆಗೆ ಸೇರಿದ್ದು ಎಂದರು. ಮೂರು ತಿಂಗಳು ಹೀಗೆ ಎರಡು ಕಟ್ಟಡಗಳ ನಡುವೆ ಓಡಾಡಿದೆ. ನಡುವೆ ಒಂದು ಹೋಟೆಲ್ ಇತ್ತು, ಅದರ ನೀರುದೋಸೆ ಚೆನ್ನಾಗಿತ್ತು ಎಂಬುದೊಂದೇ ಸಮಾಧಾನ.

ಒಂದು ಹಂತದಲ್ಲಿ ನಾನು ಸೋತೆ. ವೃದ್ಧಾಶ್ರಮ ಎಂದೇ ಮಾಡಿಬಿಡೋಣ, ಕಾಗದ ಕಡಿಮೆ, ಒಳಗೆ ನಾವು ಏನು ಮಾಡಬೇಕೋ ಅದನ್ನೇ ಮಾಡೋಣ ಎಂದು ಸಭೆಯಲ್ಲಿ ಹೇಳಿದೆ. ಉಳಿದವರು ತಲೆಯಾಡಿಸಿದರು. ಡಾಕ್ಟರಮ್ಮ ಮಾತ್ರ, "ಸರ್, ವೃದ್ಧಾಶ್ರಮಕ್ಕೆ ಮಾರ್ಫಿನ್ ಕೊಡುವುದಿಲ್ಲ" ಎಂದರು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ದಾರಿ ಸಿಕ್ಕಿದ್ದು ಅದೇ ವ್ಯಾಖ್ಯೆಯ ಬಾಲದಲ್ಲಿ. ಯಾವುದೇ ಹೆಸರಿನಿಂದ ಕರೆಯಲಾಗುವ ಇತರ ಸಂಸ್ಥೆಗಳೂ ಇದರಲ್ಲಿ ಸೇರುತ್ತವೆ, ಸ್ವಯಂಸೇವಾ ಸಂಸ್ಥೆಗಳೂ ಸೇರುತ್ತವೆ ಎಂಬರ್ಥದ ಮಾತು ಅಲ್ಲಿದೆ. ಹೊಸದಾಗಿ ಬಂದ ಅಧಿಕಾರಿಯೊಬ್ಬರಿಗೆ ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು ತೋರಿಸಿದೆ. ನಮ್ಮಲ್ಲಿ ಗಾಯಕ್ಕೆ ಮದ್ದು ಹಾಕುತ್ತೇವೆ, ಹೊಟ್ಟೆಯಲ್ಲಿ ತುಂಬಿದ ನೀರು ತೆಗೆಯುತ್ತೇವೆ, ವಾಂತಿ ನಿಲ್ಲಿಸುತ್ತೇವೆ, ಇದು ಚಿಕಿತ್ಸೆ ಅಲ್ಲವೇ ಎಂದು ಡಾಕ್ಟರಮ್ಮ ಕೇಳಿದರು. ಅಧಿಕಾರಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನರ್ಸಿಂಗ್ ಹೋಮ್ ಎಂದು ಅರ್ಜಿ ಹಾಕಿ, ಉಳಿದದ್ದನ್ನು ವಿವರಣೆಯಲ್ಲಿ ಬರೆಯಿರಿ" ಎಂದರು. 2022ರ ನವೆಂಬರಿನಲ್ಲಿ ಅರ್ಜಿ ಒಳಗೆ ಹೋಯಿತು. ಶಸ್ತ್ರಚಿಕಿತ್ಸಾ ಕೊಠಡಿ? ಅನ್ವಯಿಸುವುದಿಲ್ಲ. ಹೆರಿಗೆ ಕೊಠಡಿ? ಅನ್ವಯಿಸುವುದಿಲ್ಲ. ಪ್ರಯೋಗಾಲಯ, ಎಕ್ಸ್‌ರೇ? ಅನ್ವಯಿಸುವುದಿಲ್ಲ. ಆ ಒಂದು ಪದವನ್ನು ಅಷ್ಟು ಸಲ ನನ್ನ ಇಡೀ ಸೇವಾವಧಿಯಲ್ಲೂ ಬರೆದಿರಲಿಲ್ಲ.

ಅರ್ಜಿಗೆ ಲಗತ್ತಿಸಬೇಕಾದ ಕಾಗದಗಳಿಗೆ ಅವುಗಳದೇ ಮರಿಮಕ್ಕಳಿದ್ದವು. ಜಾಗದ ಇ-ಸ್ವತ್ತು ನಮೂನೆ ಬೇಕು. ಅದಕ್ಕೆ ಹಿತ್ತಿಲಿನ ಒಂದು ತುಂಡಿಗೆ ಭೂ ಪರಿವರ್ತನೆ ಆಗಿರಬೇಕು. ವೈದ್ಯರ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ, ನರ್ಸುಗಳ ನರ್ಸಿಂಗ್ ಪರಿಷತ್ತಿನ ನೋಂದಣಿ, ಕಟ್ಟಡದ ನಕ್ಷೆ, ಗ್ರಾಮ ಪಂಚಾಯಿತಿಯ ಪರವಾನಗಿ ಎಲ್ಲ ಬೇಕು. ಈ ಕೊನೆಯದು ಸುಲಭ ಎಂದುಕೊಂಡಿದ್ದೆ. ನನ್ನೂರು, ನನ್ನ ಜನ.

ಪಂಚಾಯಿತಿ ಸಭೆಯಲ್ಲಿ ಮೊದಲ ಪ್ರಶ್ನೆಯೇ, "ಮ್ಯಾನೇಜರೇ, ಇಂಜೆಕ್ಷನ್ ಕೊಟ್ಟು ಕಳಿಸಿಬಿಡುತ್ತೀರಂತೆ, ಹೌದೇ?" 2018ರಲ್ಲಿ ಸುಪ್ರೀಂ ಕೋರ್ಟು ಘನತೆಯ ಸಾವಿನ ಬಗ್ಗೆ ಕೊಟ್ಟ ತೀರ್ಪು ಟಿ.ವಿ.ಯಲ್ಲಿ ದಯಾಮರಣ, ದಯಾಮರಣ ಎಂದು ಓಡಿದ್ದು ಯಾರ ತಲೆಯಲ್ಲೋ ಉಳಿದಿತ್ತು. ಡಾಕ್ಟರಮ್ಮ ಅರ್ಧ ಗಂಟೆ ವಿವರಿಸಿದರು. ನಾವು ಸಾವನ್ನು ಬೇಗ ತರುವುದಿಲ್ಲ, ಮುಂದೆ ತಳ್ಳುವುದೂ ಇಲ್ಲ, ನೋವನ್ನಷ್ಟೇ ನೋಡಿಕೊಳ್ಳುತ್ತೇವೆ ಎಂದರು. ಜನ ಒಪ್ಪಿದಂತೆ ಕಂಡಿತು. ಆಗ ಒಬ್ಬ ಸದಸ್ಯರು ಎದ್ದು ನಿಂತು ನಿಜವಾದ ಆಕ್ಷೇಪ ಎತ್ತಿದರು: ನಮ್ಮ ಸ್ಮಶಾನ ಹದಿನೈದು ಗುಂಟೆಯೂ ಇಲ್ಲ, ತಿಂಗಳಿಗೆ ಇಷ್ಟು ಹೆಣ ಎಂದಾದರೆ ಊರಿನವರಿಗೆ ಉಳಿಯುವುದೇನು? ನಾನು ಬಾಯಿ ಬಿಡಲಿಲ್ಲ, ಏಕೆಂದರೆ ಲೆಕ್ಕ ಸರಿಯಾಗಿತ್ತು. ದೇಹವನ್ನು ಅವರವರ ಊರಿಗೆ ನಮ್ಮ ಖರ್ಚಿನಲ್ಲಿ ತಲುಪಿಸುತ್ತೇವೆ ಎಂದು ಬರೆದುಕೊಟ್ಟ ಮೇಲೆ ಪರವಾನಗಿ ಸಿಕ್ಕಿತು. ಇಂದಿಗೂ ನಮ್ಮ ದೊಡ್ಡ ಖರ್ಚುಗಳಲ್ಲಿ ಅದೂ ಒಂದು.

ಅಗ್ನಿಶಾಮಕದವರು ಬಂದಾಗ ನನಗೆ ಮತ್ತೆ ತಕರಾರಿತ್ತು. ಹಳೆಯ ಮನೆ, ಹಲಸಿನ ಮರದ ಬಾಗಿಲು, ಮೇಲೆ ಮರದ ಮುಚ್ಚಿಗೆ. ನೂರು ವರ್ಷ ಏನೂ ಆಗಿಲ್ಲ ಎಂದು ಹೇಳಿದೆ. ಬಂದವರು ವಾದ ಮಾಡಲಿಲ್ಲ. ಒಂದು ಮಂಚದ ಮೇಲೆ ನಮ್ಮ ವಾರ್ಡ್ ಬಾಯ್‌ನನ್ನು ಮಲಗಿಸಿ, "ಇವನಿಗೆ ಎದ್ದು ನಡೆಯಲು ಬರುವುದಿಲ್ಲ ಎಂದುಕೊಳ್ಳಿ. ಈಗ ಹೊಗೆ ತುಂಬಿದೆ. ಹೊರಗೆ ತನ್ನಿ" ಎಂದರು. ಹೊಸ್ತಿಲಿಗೆ ಸ್ಟ್ರೆಚರಿನ ಚಕ್ರ ಸಿಕ್ಕಿಕೊಂಡಿತು. ತಿರುಗಿಸಲು ಜಾಗವಿಲ್ಲ. ನಾವು ನಾಲ್ವರು ಬೆವರಿದೆವು. ಆಮೇಲೆ ಹೊಸ್ತಿಲು ಕಿತ್ತೆವು, ಇಳಿಜಾರು ಹಾಕಿಸಿದೆವು, ಹಿಂದಿನ ಗೋಡೆ ಒಡೆದು ಹಿತ್ತಿಲಿಗೆ ಅಗಲವಾದ ಎರಡನೆಯ ಬಾಗಿಲು ಇಟ್ಟೆವು. ಹೊಸ್ತಿಲು ಕೀಳುವ ದಿನ ನನ್ನ ಹೆಂಡತಿ ಅರಿಸಿನ ಕುಂಕುಮ ಹಚ್ಚಿ ಕ್ಷಮೆ ಕೇಳಿಕೊಂಡಳು. ಎಲ್ಲ ಇಲಾಖೆಗಳ ಷರತ್ತುಗಳಲ್ಲಿ ಎರಡನೆಯ ಮಾತಿಲ್ಲದೆ ಒಪ್ಪಬಹುದಾದದ್ದು ಇದು ಎಂದು ಈಗ ಅನಿಸುತ್ತದೆ.

ತ್ಯಾಜ್ಯದ ವಿಷಯವೂ ಬಹುಮಟ್ಟಿಗೆ ಹಾಗೆಯೇ. 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಹಾಸಿಗೆ ಇರುವ ಸಂಸ್ಥೆ ಎಷ್ಟೇ ಚಿಕ್ಕದಾದರೂ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಹುಣ್ಣಿಗೆ ಕಟ್ಟಿದ ಬಟ್ಟೆ ಹಳದಿ ಚೀಲಕ್ಕೆ, ನಳಿಕೆ, ಕೆಥೆಟರ್ ಕೆಂಪಿಗೆ, ಸೂಜಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ, ಗಾಜು ನೀಲಿಗೆ. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸಂಗ್ರಹಿಸುವ ಗಾಡಿಯ ದಾರಿಯಿಂದ ನಮ್ಮ ಊರು ಒಳಗೆ ಇರುವುದರಿಂದ ತ್ಯಾಜ್ಯ ಒಯ್ಯುವ ಸಂಸ್ಥೆಯವರು ಮೊದಲು ಮೂಗು ಮುರಿದರು. ಕೊನೆಗೆ, ಗಾಡಿ ಬರುವ ಮುಖ್ಯರಸ್ತೆಯ ಪಕ್ಕದ ಎರಡು ಚಿಕಿತ್ಸಾಲಯಗಳವರೂ ನಮ್ಮೊಂದಿಗೆ ಸೇರಿ ಕೇಳಿಕೊಂಡ ಮೇಲೆ, ದಿನ ಬಿಟ್ಟು ದಿನ ಬರುವುದಕ್ಕೆ ಒಪ್ಪಿದರು. ಪ್ರತಿ ವರ್ಷ ಜೂನ್ 30ರೊಳಗೆ ವಾರ್ಷಿಕ ವರದಿ ಕಳಿಸಬೇಕು. ಬ್ಯಾಂಕಿನವನಿಗೆ ಮಾರ್ಚ್ 31 ಇದ್ದಂತೆ ಈಗ ನನಗೆ ಈ ದಿನಾಂಕ.

2023ರ ಫೆಬ್ರವರಿಯಲ್ಲಿ ಸ್ಥಳ ಪರಿಶೀಲನೆ ಆಯಿತು. ದರಪಟ್ಟಿ ಎಲ್ಲಿ ಎಂದು ಕೇಳಿದರು. ಸಂಸ್ಥೆಯ ಶುಲ್ಕಗಳನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕೆಂಬುದು ಕಾಯ್ದೆಯ ನಿಯಮ. ನಮ್ಮಲ್ಲಿ ಶುಲ್ಕವೇ ಇಲ್ಲವಲ್ಲ ಎಂದೆ. ಆದರೂ ಫಲಕ ಇರಲೇಬೇಕು ಎಂದರು. ಪೇಂಟರನ್ನು ಕರೆಸಿ ಬರೆಸಿದೆವು: ಹಾಸಿಗೆ ಶುಲ್ಕ 0, ವೈದ್ಯರ ಶುಲ್ಕ 0, ಔಷಧಿ 0, ಊಟ 0. ಅವನು ಪ್ರತಿ ಸೊನ್ನೆಗೂ ನೆರಳು ಹಾಕಿ ಚಂದ ಮಾಡಿದ. ಬಂದವರೆಲ್ಲ ಮೊದಲು ಅದರ ಫೋಟೊ ತೆಗೆಯುತ್ತಾರೆ.

ಕಡತ ಜಿಲ್ಲಾಧಿಕಾರಿಗಳ ಸಭೆಗೆ ಹೋಗುವ ಹೊತ್ತಿಗೆ ಮಾರ್ಚ್ 29ರಂದು ವಿಧಾನಸಭಾ ಚುನಾವಣೆ ಘೋಷಣೆಯಾಯಿತು. ಜಿಲ್ಲಾಧಿಕಾರಿಯೇ ಜಿಲ್ಲಾ ಚುನಾವಣಾಧಿಕಾರಿ. ಮೇ 10ರ ಮತದಾನ, 13ರ ಎಣಿಕೆ ಮುಗಿಯುವವರೆಗೆ ನಮ್ಮ ಕಡತವನ್ನು ಕೇಳುವವರಿರಲಿಲ್ಲ. ಜೂನ್ ಕೊನೆಗೆ ಐದು ವರ್ಷಗಳ ನೋಂದಣಿ ಪತ್ರ ಕೈಗೆ ಬಂತು. ಚೌಕಟ್ಟು ಹಾಕಿಸಿ ಜಗುಲಿಯ ಗೋಡೆಗೆ ನೇತುಹಾಕಿ, ನಾಳೆಯಿಂದಲೇ ರೋಗಿಗಳನ್ನು ಸೇರಿಸಿಕೊಳ್ಳೋಣ ಎಂದೆ.

"ಆಗುವುದಿಲ್ಲ ಸರ್" ಎಂದರು ಡಾಕ್ಟರಮ್ಮ.

ಈ ಭಾಗವನ್ನು ಬರೆಯುವಾಗ ಇಂದಿಗೂ ಕೈ ಸ್ವಲ್ಪ ತಡೆಯುತ್ತದೆ. ಅವರ ವಾದ ಸರಳವಾಗಿತ್ತು: ಮಾರ್ಫಿನ್ ಇಲ್ಲದೆ ಬಾಗಿಲು ತೆರೆದರೆ ನಾವು ಕೊಡುವುದು ಹಾಸಿಗೆ ಮಾತ್ರ, ನೋವು ತಾಳಲಾರದೆ ಕೂಗುವವರ ಪಕ್ಕದ ಮಂಚದಲ್ಲಿ ಇನ್ನೊಬ್ಬರನ್ನು ಮಲಗಿಸಲು ನಾನು ಸಿದ್ಧಳಿಲ್ಲ. ನನ್ನ ವಾದ: ಇರುವುದರಲ್ಲಿ ಆದಷ್ಟು ಮಾಡೋಣ. ಜಗಳವೇ ಆಯಿತು. ಅದೇ ವಾರ ಪಕ್ಕದ ಊರಿನ ಒಬ್ಬ ಮನುಷ್ಯ ಬಂದ. ಅಡಿಕೆ ಸುಲಿಯುವ ಕೆಲಸದವನು. ಹೆಂಡತಿಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್. ಗೋಡೆಯ ಮೇಲಿನ ಚೌಕಟ್ಟನ್ನು ನೋಡಿ, "ಸರ್ಕಾರದ ಕಾಗದ ಬಂದಿದೆಯಲ್ಲ ಅಯ್ಯಾ, ಇನ್ನೇನು?" ಎಂದು ಕೇಳಿದ. ಇನ್ನೊಂದು ಕಾಗದ ಬರಬೇಕು ಎಂದೆ. ಎಷ್ಟು ದಿನ ಎಂದ. ನನಗೆ ಗೊತ್ತಿರಲಿಲ್ಲ. ಎಂಟು ಹಾಸಿಗೆಗಳ ಮೇಲೆ ಒಗೆದ ಬಿಳಿ ಹೊದಿಕೆಗಳಿದ್ದವು. ಅವನು ಬಾಗಿಲಿನಿಂದ ಅವುಗಳನ್ನು ನೋಡುತ್ತ ನಿಂತಿದ್ದ. ಡಾಕ್ಟರಮ್ಮ ಅವರ ಮನೆಗೆ ಹೋಗಿ ಕೈಲಾದಷ್ಟು ಮಾಡಿದರು. ಆ ಹೆಂಗಸು ಆಗಸ್ಟಿನಲ್ಲಿ ತೀರಿಕೊಂಡಳು. ಡಾಕ್ಟರಮ್ಮ ಹೇಳಿದ್ದೇ ಸರಿ ಎಂದು ನಾನು ಈಗ ಒಪ್ಪುತ್ತೇನೆ. ಆದರೆ ಆ ಮನುಷ್ಯ ಇಂದಿಗೂ ಸಂತೆಯಲ್ಲಿ ಎದುರಾದರೆ ನಾನೇ ಮೊದಲು ಕಣ್ಣು ತಗ್ಗಿಸುತ್ತೇನೆ.

ಮಾರ್ಫಿನ್ ಅಫೀಮಿನಿಂದ ಬರುವುದು. 1985ರ ಮಾದಕ ವಸ್ತು ಕಾಯ್ದೆಯ ಕಠಿಣ ಶಿಕ್ಷೆಗಳಿಗೆ ಹೆದರಿ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. ಅಫೀಮು ಬೆಳೆಯುವ ದೇಶದಲ್ಲೇ ಅಫೀಮಿನ ಮದ್ದು ಸಿಗದಂತಾಯಿತು. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ, ಒಂದೇ ಮಾತ್ರೆಗೆ ಹಲವು ಪರವಾನಗಿ. ಉಪಶಾಮಕ ಆರೈಕೆಯ ವೈದ್ಯರು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಮರುವರ್ಷ ಮಾರ್ಫಿನ್, ಫೆಂಟನಿಲ್ ಸೇರಿ ಆರು ಔಷಧಿಗಳನ್ನು ಅತ್ಯಗತ್ಯ ಎಂದು ಗುರುತಿಸಿದರು. ಈಗ ದೇಶಕ್ಕೆಲ್ಲ ಒಂದೇ ನಿಯಮ, ಒಂದೇ ಕಡೆ ಅರ್ಜಿ: ರಾಜ್ಯದ ಔಷಧ ನಿಯಂತ್ರಕರು ನಿಮ್ಮನ್ನು ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಎಂದು ಒಪ್ಪಿದರೆ ಸಾಕು. ಅದಕ್ಕೆ ನೋವು ನಿವಾರಣೆಯಲ್ಲಿ ತರಬೇತಿ ಪಡೆದ ವೈದ್ಯರೊಬ್ಬರು ಇರಬೇಕು, ಬೀಗದ ವ್ಯವಸ್ಥೆ ಇರಬೇಕು, ಲೆಕ್ಕ ಇಡಬೇಕು, ವರ್ಷಕ್ಕೆ ಎಷ್ಟು ಬೇಕು ಎಂದು ಮುಂಚೆಯೇ ಅಂದಾಜು ಕೊಡಬೇಕು. ಅಕ್ಕ ನರಳಿದ್ದು 2016ರಲ್ಲಿ. ಅಂದರೆ ನಿಯಮ ಬದಲಾಗಿ ವರ್ಷ ಕಳೆದಿತ್ತು. ನಮ್ಮ ಜಿಲ್ಲೆಯಲ್ಲಿ ಯಾರೂ ಅರ್ಜಿ ಹಾಕಿರಲಿಲ್ಲ, ಅಷ್ಟೇ.

ಅಂದಾಜಿನ ಲೆಕ್ಕ ನನ್ನ ಪಾಲಿಗೆ ಬಂತು. ಒಳಗಿರುವವರು, ಮನೆಗೆ ಹೋಗಿ ನೋಡುವವರು ಸೇರಿ ಯಾವುದೇ ದಿನ 10 ಜನರಿಗೆ ಬೇಕು ಎಂದಿಟ್ಟುಕೊಳ್ಳೋಣ. ನಾಲ್ಕು ಗಂಟೆಗೊಂದು 10 ಮಿಲಿಗ್ರಾಂ ಮಾತ್ರೆ, ದಿನಕ್ಕೆ 6. ವರ್ಷಕ್ಕೆ 21,900 ಮಾತ್ರೆ. ಔಷಧಿಯ ತೂಕ 219 ಗ್ರಾಂ. ಇಡೀ ತಾಲ್ಲೂಕಿನ ಒಂದು ವರ್ಷದ ನೋವಿಗೆ ಕಾಲು ಕಿಲೋ ಬೆಲ್ಲದಷ್ಟೂ ಬೇಡ. ಇಷ್ಟಕ್ಕಾಗಿ ರಾತ್ರಿ ಬಸ್ಸುಗಳಲ್ಲಿ ಓಡಾಡಿದೆನಲ್ಲ ಎಂದು ಕ್ಯಾಲ್ಕುಲೇಟರನ್ನು ಪಕ್ಕಕ್ಕಿಟ್ಟು ಎದ್ದು ಹೋದೆ.

ಪರಿಶೀಲನೆಗೆ ಬಂದ ಔಷಧ ಪರಿವೀಕ್ಷಕರು ಕಡಿಮೆ ಮಾತಿನ ಮನುಷ್ಯ. ಕಾಗದಗಳನ್ನು ನೋಡಿದರು, ಡಾಕ್ಟರಮ್ಮನ ತರಬೇತಿ ಪ್ರಮಾಣಪತ್ರ ನೋಡಿದರು, ಕೊನೆಗೆ ಮಾರ್ಫಿನ್ ಇಡಲು ತಂದಿದ್ದ ಉಕ್ಕಿನ ಕಪಾಟಿನ ಎದುರು ನಿಂತರು. ಬೀಗ ಎಳೆದು ನೋಡಿದರು. ಆಮೇಲೆ ಕಪಾಟನ್ನೇ ಎರಡೂ ಕೈಯಿಂದ ಹಿಡಿದು ಎಳೆದರು. ಅದು ಗೋಡೆಯಿಂದ ಒಂದಡಿ ಮುಂದೆ ಬಂತು. "ಬೀಗ ಗಟ್ಟಿ ಇದೆ. ಕಪಾಟಿನ ಸಮೇತ ಎತ್ತಿಕೊಂಡು ಹೋದರೆ?" ಎಂದರು. ಬ್ಯಾಂಕಿನ ಭದ್ರತಾ ಕೊಠಡಿಯ ಕೀಲಿಯನ್ನು ವರ್ಷಗಟ್ಟಲೆ ಸೊಂಟದಲ್ಲಿ ಇಟ್ಟುಕೊಂಡು ತಿರುಗಿದವನಿಗೆ ಅದು ಹೊಳೆದಿರಲಿಲ್ಲ. ಅವರು ಹೋದ ಮರುದಿನವೇ ಗೋಡೆಗೆ ಬೋಲ್ಟ್ ಹಾಕಿಸಿದೆ. ಯಾರೂ ಕೇಳದಿದ್ದರೂ ಬ್ಯಾಂಕಿನ ಪದ್ಧತಿಯಂತೆ ಎರಡು ಬೀಗ, ಎರಡು ಕೀಲಿ ಮಾಡಿಸಿ ಒಂದನ್ನು ಡಾಕ್ಟರಮ್ಮನಿಗೆ, ಇನ್ನೊಂದನ್ನು ಹಿರಿಯ ನರ್ಸ್‌ಗೆ ಕೊಟ್ಟೆ. ಯಾರ ಬಳಿಯೂ ಎರಡೂ ಇರಬಾರದು. ನನ್ನ ಬಳಿ ಒಂದೂ ಇಲ್ಲ.

ನವೆಂಬರಿನಲ್ಲಿ ಮಾನ್ಯತೆ ಬಂತು. ಡಿಸೆಂಬರಿನ ಒಂದು ಮಧ್ಯಾಹ್ನ ಮೊದಲ ಪೆಟ್ಟಿಗೆ. ಅಷ್ಟು ಚಿಕ್ಕದು ಇರುತ್ತದೆ ಎಂದು ನಾವಾರೂ ಎಣಿಸಿರಲಿಲ್ಲ. ನಮ್ಮ ಅಡುಗೆಯವಳು ಇದಕ್ಕೇ ಇಷ್ಟು ದೊಡ್ಡ ಕಪಾಟೇ ಎಂದು ಕೇಳಿದಳು. ಅದೇ ವಾರ ಬಾಗಿಲು ತೆರೆದೆವು.

ಕಾಗದಗಳು ಅಲ್ಲಿಗೆ ಮುಗಿಯಲಿಲ್ಲ. ನಮ್ಮಲ್ಲಿ ಪ್ರತಿಯೊಬ್ಬರೂ ಹೊರಡುವಾಗ ಒಂದು ಕಾಗದ ಬೇಕು. ಮರಣವನ್ನು 21 ದಿನಗಳೊಳಗೆ ನೋಂದಣಿಗೆ ತಿಳಿಸಬೇಕು, ಕಾರಣದ ಪ್ರಮಾಣಪತ್ರವನ್ನು ನಮೂನೆ 4ರಲ್ಲಿ ವೈದ್ಯರು ತುಂಬಬೇಕು. ಹೃದಯ ನಿಂತಿತು ಎಂದು ಬರೆದರೆ ಅದು ಕಾರಣವಾಗುವುದಿಲ್ಲ. ಎಲ್ಲರದೂ ಕೊನೆಗೆ ನಿಲ್ಲುತ್ತದೆ. ಹೃದಯವನ್ನು ಅಲ್ಲಿಗೆ ತಂದ ರೋಗ ಯಾವುದು ಎಂದು ಹಿಂದಕ್ಕೆ ಹೋಗಿ ಬರೆಯಬೇಕು. ಅಗ್ನಿಶಾಮಕದವರು ಇಡಿಸಿದ ಹಿಂದಿನ ಅಗಲ ಬಾಗಿಲಿನಿಂದ ವಾಹನ ಹೊರಡುತ್ತದೆ. ಪಂಚಾಯಿತಿಗೆ ಬರೆದುಕೊಟ್ಟಂತೆ, ಅವರವರ ಊರಿಗೆ.

ಮಾರ್ಫಿನ್ ದಫ್ತರವನ್ನು ಪ್ರತಿ ಸಂಜೆ ನಾನು ತಾಳೆ ನೋಡುತ್ತೇನೆ. ಆರಂಭದ ಶಿಲ್ಕು, ಬಂದದ್ದು, ಯಾರಿಗೆ ಎಷ್ಟು ಕೊಟ್ಟದ್ದು, ಉಳಿದದ್ದು. ಕಳೆದ ವರ್ಷ ಶ್ರಾವಣದ ಒಂದು ದಿನ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಮಳೆಯಲ್ಲಿ ನೆನೆದು ಬಂದ. ಅವನ ತಂದೆಯನ್ನು ನಾವು ಮನೆಗೇ ಹೋಗಿ ನೋಡುತ್ತಿದ್ದೆವು. ತೀರಿಕೊಂಡು ಮೂರು ದಿನವಾಗಿತ್ತು. ಎರಡು ಬಸ್ಸು ಬದಲಿಸಿ ಬಂದಿದ್ದ. ಅಂಗಿಯ ಒಳಗಿನಿಂದ ಪ್ಲಾಸ್ಟಿಕ್ ಕವರು ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿ ಉಳಿದ 23 ಮಾತ್ರೆಗಳಿದ್ದವು. "ಉಳಿದರೆ ವಾಪಸು ತಂದುಕೊಡಬೇಕು ಎಂದು ಸಿಸ್ಟರ್ ಹೇಳಿದ್ದರು" ಎಂದ.

ಸಿಸ್ಟರ್ ಎಣಿಸಿದರು. ನಾನೂ ಎಣಿಸಿದೆ. ದಫ್ತರ ತೆರೆದು ನೋಡಿದರೆ, ಸತ್ತವರ ಮನೆಯಿಂದ ಹಿಂದಕ್ಕೆ ಬಂದ ಮಾತ್ರೆಗೆ ನಾವು ಕಾಲಂ ಹಾಕಿಕೊಂಡಿರಲಿಲ್ಲ. ಬ್ಯಾಂಕಿನಲ್ಲಿದ್ದಾಗ ಷರಾ ಕಾಲಂನಲ್ಲಿ ನಾನು ಆಕ್ಷೇಪಣೆಗಳನ್ನಷ್ಟೇ ಬರೆಯುತ್ತಿದ್ದೆ. ಅಂದು ಅದರಲ್ಲಿ ಬರೆದೆ: "23 ಮಾತ್ರೆ, ಮಗ ತಂದುಕೊಟ್ಟಿದ್ದಾನೆ." ಸಿಸ್ಟರ್ ಸಹಿ ಹಾಕಿದರು. ಹುಡುಗ ತಾನೂ ಹಾಕಬೇಕೇ ಎಂದು ಕೇಳಿದ. ಬೇಕಾಗಿರಲಿಲ್ಲ. ಪೆನ್ನು ಅವನ ಕೈಗೆ ಕೊಟ್ಟೆ.